ವಿದೇಶಿ ಗಣಿ ಹೂಡಿಕೆ: ಅಪಾಯಗಳ ಅಳತೆ

ಒಂದು ದೇಶದ ವ್ಯಕ್ತಿ, ಕಂಪನಿ ಅಥವಾ ಸರ್ಕಾರ ಇನ್ನೊಂದು ದೇಶದ ನೆಲದಲ್ಲಿರುವ ಖನಿಜವನ್ನು ಹುಡುಕಲು, ತೆಗೆಯಲು ಅಥವಾ ಸಂಸ್ಕರಿಸಲು ಬಂಡವಾಳ ತೊಡಗಿಸುವುದನ್ನು ವಿದೇಶಿ ಗಣಿ ಹೂಡಿಕೆ ಎನ್ನಲಾಗುತ್ತದೆ. ಗಣಿಯನ್ನೇ ಕೊಳ್ಳುವುದು, ಜಂಟಿ ಉದ್ಯಮದಲ್ಲಿ ಪಾಲು ಪಡೆಯುವುದು, ಗಣಿ ಕಂಪನಿಯ ಷೇರು ಕೊಳ್ಳುವುದು, ಮುಂದೆ ಬರುವ ಅದಿರಿನ ಮೇಲೆ ಹಕ್ಕು ಪಡೆದು ಸಾಲ ಕೊಡುವುದು ಇದರ ಮುಖ್ಯ ರೂಪಗಳು.

ಈ ಹೂಡಿಕೆಯನ್ನು ಉಳಿದವುಗಳಿಂದ ಬೇರ್ಪಡಿಸುವ ಲಕ್ಷಣಗಳು ಮೂರು. ಸರಕು ನೆಲದಡಿ ಇರುವುದರಿಂದ ಅದರ ಪ್ರಮಾಣವನ್ನು ಅಂದಾಜಿನಿಂದಷ್ಟೇ ತಿಳಿಯಬೇಕು. ಹಣ ಮೊದಲು ಹೋಗುತ್ತದೆ, ಆದಾಯ ವರ್ಷಗಳ ನಂತರ ಬರುತ್ತದೆ. ಕಾರ್ಖಾನೆಯ ಯಂತ್ರಗಳನ್ನು ಬೇರೆಡೆಗೆ ಸಾಗಿಸಬಹುದು, ಗಣಿಯನ್ನು ಕದಲಿಸಲಾಗದು. ಹೀಗಾಗಿ ಅದಿರು ಇದೆಯೇ ಎಂಬುದು ಹೂಡಿಕೆದಾರನ ಮುಂದಿರುವ ಐದು ಪ್ರಶ್ನೆಗಳಲ್ಲಿ ಮೊದಲನೆಯದು ಮಾತ್ರ. ಅದನ್ನು ಲಾಭಕರವಾಗಿ ತೆಗೆಯಬಹುದೇ, ಬಂದರಿಗೆ ಸಾಗಿಸಬಹುದೇ, ನಿರೀಕ್ಷಿತ ಬೆಲೆಗೆ ಮಾರಬಹುದೇ, ಬಂದ ಲಾಭವನ್ನು ಸ್ವದೇಶಕ್ಕೆ ತರಬಹುದೇ ಎಂಬವು ಉಳಿದ ನಾಲ್ಕು. ಪ್ರತಿ ಪ್ರಶ್ನೆಗೂ ಅನುಕೂಲಕರ ಉತ್ತರ ಸಿಗುವ ಸಂಭವ ಶೇ. 80ರಷ್ಟು ಇದೆ, ಒಂದರ ಉತ್ತರ ಇನ್ನೊಂದನ್ನು ಅವಲಂಬಿಸಿಲ್ಲ ಎಂದು ಭಾವಿಸಿದರೂ, ಐದೂ ಒಟ್ಟಿಗೆ ಕೂಡಿಬರುವ ಸಂಭವ ಶೇ. 33ಕ್ಕೆ ಇಳಿಯುತ್ತದೆ. ಬಿಡಿಬಿಡಿಯಾಗಿ ಸಣ್ಣದಾಗಿ ಕಾಣುವ ಅಪಾಯಗಳು ಒಟ್ಟುಗೂಡಿ ದೊಡ್ಡದಾಗುವುದು ಹೀಗೆ.

ಚಾರಿತ್ರಿಕ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಲಂಡನ್ ಷೇರುಪೇಟೆ ವಿದೇಶಿ ಗಣಿಗಳಿಗೆ ಬಂಡವಾಳ ಕೂಡಿಸುವ ದೊಡ್ಡ ಕೇಂದ್ರವಾಗಿತ್ತು. 1880ರ ಸುಮಾರಿಗೆ ದಕ್ಷಿಣ ಭಾರತದ ಚಿನ್ನದ ಸುದ್ದಿ ಅಲ್ಲಿ ಭಾರಿ ಉತ್ಸಾಹ ಎಬ್ಬಿಸಿತು. ವೈನಾಡಿನ ಚಿನ್ನವನ್ನು ನಂಬಿ ಹತ್ತಾರು ಕಂಪನಿಗಳು ಹುಟ್ಟಿದವು. ಅಲ್ಲಿನ ಬೆಣಚುಕಲ್ಲಿನಲ್ಲಿ ಚಿನ್ನದ ಅಂಶ ತೀರ ಕಡಿಮೆ ಇದ್ದುದರಿಂದ ಕೆಲವೇ ವರ್ಷಗಳಲ್ಲಿ ಬಹುತೇಕ ಎಲ್ಲವೂ ಮುಳುಗಿದವು. ಅದೇ ಕಾಲದಲ್ಲಿ ಕೋಲಾರದ ಕಥೆ ಬೇರೆ ದಾರಿ ಹಿಡಿಯಿತು. ಮೈಕೆಲ್ ಲ್ಯಾವೆಲ್ 1875ರಲ್ಲಿ ಮೈಸೂರು ಆಡಳಿತದಿಂದ ಪಡೆದ ಹಕ್ಕು ಕೈಬದಲಾಗಿ, 1880ರಲ್ಲಿ ಮೈಸೂರು ಗಣಿ ಕಂಪನಿ ಸ್ಥಾಪನೆಯಾಯಿತು. ಅದರ ಬಂಡವಾಳವೂ ಬಹುಪಾಲು ಕರಗಿ ಷೇರುದಾರರು ಕೈಚೆಲ್ಲುವ ಹಂತಕ್ಕೆ ಬಂದಿದ್ದರು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಒತ್ತಾಯದಿಂದ ಉಳಿದ ಹಣದಲ್ಲಿ ಹಳೆಯ ಕಾಲದ ಗುಂಡಿಗಳನ್ನು ಇನ್ನೂ ಆಳಕ್ಕೆ ಅಗೆದಾಗ ಚಾಂಪಿಯನ್ ಎಂಬ ಚಿನ್ನದ ಪದರ ಸಿಕ್ಕಿತು. ಮುಂದೆ 3 ಕಿಲೋಮೀಟರಿಗೂ ಆಳಕ್ಕಿಳಿದ ಈ ಗಣಿಗಳು ಒಟ್ಟು 800 ಟನ್ನಿನಷ್ಟು ಚಿನ್ನ ಕೊಟ್ಟವು. ಒಂದೇ ಪೇಟೆಯಲ್ಲಿ, ಒಂದೇ ಭರವಸೆಯ ಮೇಲೆ ಕೂಡಿಸಿದ ಹಣದ ಹಣೆಬರಹ ನೆಲದ ಗುಣದಿಂದಾಗಿ ಹೀಗೆ ಎರಡಾಗಿ ಸೀಳಿತು. 1956ರಲ್ಲಿ ಮೈಸೂರು ಸರ್ಕಾರ ಕೋಲಾರದ ಗಣಿಗಳನ್ನು ರಾಷ್ಟ್ರೀಕರಣ ಮಾಡಿದಾಗ ವಿದೇಶಿ ಒಡೆತನ ಕೊನೆಗೊಂಡಿತು.

ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಹೊಸದಾಗಿ ಸ್ವತಂತ್ರವಾದವು ಸೇರಿದಂತೆ ಹಲವು ದೇಶಗಳು ಗಣಿಗಳ ಮೇಲೆ ತಮ್ಮ ಹಕ್ಕು ಸ್ಥಾಪಿಸಿದವು. ಜಾಂಬಿಯಾ 1969ರಲ್ಲಿ ತಾಮ್ರದ ಗಣಿಗಳಲ್ಲಿ ಬಹುಪಾಲು ಒಡೆತನ ತೆಗೆದುಕೊಳ್ಳುವುದಾಗಿ ಘೋಷಿಸಿತು. ಚಿಲಿ 1971ರಲ್ಲಿ ಸಂವಿಧಾನ ತಿದ್ದಿ ದೊಡ್ಡ ತಾಮ್ರ ಗಣಿಗಳನ್ನು ವಶಪಡಿಸಿಕೊಂಡಿತು. 1990ರ ದಶಕದಲ್ಲಿ ಅನೇಕ ದೇಶಗಳು ಮತ್ತೆ ಬಾಗಿಲು ತೆರೆದವು. 2000ದ ನಂತರ ಚೀನಾದ ಬೇಡಿಕೆ, ಇತ್ತೀಚೆಗೆ ಬ್ಯಾಟರಿಗೆ ಬೇಕಾದ ಲಿಥಿಯಂ, ಕೋಬಾಲ್ಟ್, ನಿಕಲ್‌ಗಳ ಬೇಡಿಕೆ ಈ ಹೂಡಿಕೆಗೆ ಹೊಸ ವೇಗ ಕೊಟ್ಟಿವೆ.

ಗಣಿಯ ಹಂತಗಳು

ಪರಿಶೋಧನೆ, ಕೊರೆತ, ಕಾರ್ಯಸಾಧ್ಯತಾ ಅಧ್ಯಯನ, ಪರವಾನಗಿ, ನಿರ್ಮಾಣ, ಉತ್ಪಾದನೆ, ಮುಚ್ಚುಗಡೆ ಎಂಬ ಹಂತಗಳನ್ನು ದಾಟುವುದು ಗಣಿಯ ಬದುಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2021ರ ವರದಿಯ ಪ್ರಕಾರ, 2010ರಿಂದ 2019ರ ನಡುವೆ ಆರಂಭವಾದ ಪ್ರಮುಖ ಗಣಿಗಳಿಗೆ ನಿಕ್ಷೇಪ ಪತ್ತೆಯಾದಂದಿನಿಂದ ಮೊದಲ ಉತ್ಪಾದನೆಯವರೆಗೆ ಸರಾಸರಿ 16 ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಅಷ್ಟರಲ್ಲಿ ಲೋಹದ ಬೆಲೆ ಹಲವು ಸಲ ಏರಿಳಿದಿರುತ್ತದೆ, ಸರ್ಕಾರಗಳು ಬದಲಾಗಿರುತ್ತವೆ.

ಒಂದೊಂದು ಹಂತದಲ್ಲಿ ಒಂದೊಂದು ಅಪಾಯ ಮುಂದೆ ಬರುತ್ತದೆ. ಪರಿಶೋಧನೆಯ ಹಂತದಲ್ಲಿ ಹೆಚ್ಚಿನ ಪ್ರಯತ್ನಗಳು ಬರಿಗೈಯಲ್ಲೇ ಮುಗಿಯುತ್ತವೆ, ಆದರೆ ತೊಡಗಿಸಿದ ಮೊತ್ತ ಸಣ್ಣದು. ನಿರ್ಮಾಣದ ಹಂತದಲ್ಲಿ ನಿಕ್ಷೇಪದ ಬಗೆಗಿನ ಅನುಮಾನ ಕಡಿಮೆಯಾಗಿರುತ್ತದೆ, ಪಣಕ್ಕಿಟ್ಟ ಹಣ ನೂರಾರು ಪಟ್ಟು ಹೆಚ್ಚಿರುತ್ತದೆ. ಉತ್ಪಾದನೆ ಆರಂಭವಾಗಿ ಲಾಭ ಕಣ್ಣಿಗೆ ಬೀಳುತ್ತಿದ್ದಂತೆ ರಾಜಕೀಯ ಅಪಾಯ ಬಲಗೊಳ್ಳುತ್ತದೆ. ಆದ್ದರಿಂದ ಯೋಜನೆ ಈಗ ಯಾವ ಹಂತದಲ್ಲಿದೆ, ಯಾವ ಅಪಾಯ ಕಳೆದಿದೆ, ಯಾವುದು ಇನ್ನೂ ಎದುರಿಗಿದೆ ಎಂದು ಗೊತ್ತುಮಾಡಿಕೊಳ್ಳುವುದು ಮೌಲ್ಯಮಾಪನದ ಮೊದಲ ಕೆಲಸ.

ನಿಕ್ಷೇಪದ ಅನಿಶ್ಚಿತತೆ

ಕೊರೆತದಿಂದ ಸಿಗುವ ಮಾದರಿಗಳು ಒಟ್ಟು ಬಂಡೆಯ ಅತಿ ಸಣ್ಣ ಭಾಗ. ಅವುಗಳ ನಡುವಿನ ಜಾಗದಲ್ಲಿ ಏನಿದೆ ಎಂಬುದನ್ನು ಭೂವಿಜ್ಞಾನಿ ಊಹಿಸಬೇಕು. ಈ ಊಹೆಯ ಗಟ್ಟಿತನವನ್ನು ತೋರಿಸಲು ಅಂತರರಾಷ್ಟ್ರೀಯ ವರದಿ ಸಂಹಿತೆಗಳು ನಿಕ್ಷೇಪವನ್ನು ವರ್ಗೀಕರಿಸುತ್ತವೆ. ಭೂವೈಜ್ಞಾನಿಕ ಸಂಪನ್ಮೂಲದಲ್ಲಿ ಊಹಿತ, ಸೂಚಿತ, ಅಳೆದ ಎಂಬ ಮೂರು ದರ್ಜೆಗಳಿವೆ. ಗಣಿಗಾರಿಕೆಯ ವೆಚ್ಚ, ಬೆಲೆ, ಕಾನೂನು ಎಲ್ಲವನ್ನೂ ಲೆಕ್ಕ ಹಾಕಿದ ಮೇಲೂ ಲಾಭಕರವಾಗಿ ತೆಗೆಯಬಹುದಾದ ಭಾಗಕ್ಕೆ ಮಾತ್ರ ಮೀಸಲು ಎಂಬ ಹೆಸರು. ಅದರಲ್ಲೂ ಸಂಭಾವ್ಯ ಮತ್ತು ಖಚಿತ ಎಂಬ ಎರಡು ದರ್ಜೆಗಳುಂಟು. ಊಹಿತ ಸಂಪನ್ಮೂಲದ ದೊಡ್ಡ ಅಂಕಿಯನ್ನು ಖಚಿತ ಮೀಸಲಿನಂತೆ ಓದುವುದು ಹೂಡಿಕೆದಾರರು ಎಡವುವ ಸಾಮಾನ್ಯ ಜಾಗ.

ಆಸ್ಟ್ರೇಲಿಯಾದಲ್ಲಿ 1969–70ರ ಪೊಸೈಡನ್ ನಿಕಲ್ ಷೇರು ಹುಚ್ಚು ಕುಸಿದ ಮೇಲೆ ವರದಿಗಾರಿಕೆಗೆ ಶಿಸ್ತು ತರುವ ಪ್ರಯತ್ನ ಶುರುವಾಗಿ, 1989ರಲ್ಲಿ ಜಾರ್ಕ್ ಸಂಹಿತೆಯ ಮೊದಲ ಆವೃತ್ತಿ ಹೊರಬಂತು. ಕೆನಡಾದಲ್ಲಿ ಈ ಪಾಠ ಕಲಿಸಿದ್ದು ಬ್ರೆ-ಎಕ್ಸ್ ಹಗರಣ. ಕ್ಯಾಲ್ಗರಿಯ ಈ ಕಂಪನಿ 1993ರಲ್ಲಿ ಇಂಡೋನೇಷ್ಯಾದ ಪೂರ್ವ ಕಾಲಿಮಂಟನ್‌ನ ಬುಸಾಂಗ್‌ನಲ್ಲಿ ಪರಿಶೋಧನಾ ಹಕ್ಕು ಪಡೆದು, ಅಲ್ಲಿ 7 ಕೋಟಿ ಔನ್ಸಿನಷ್ಟು ಚಿನ್ನವಿದೆ ಎನ್ನುವವರೆಗೆ ಅಂದಾಜನ್ನು ಏರಿಸುತ್ತ ಹೋಯಿತು. ಕಂಪನಿಯ ಷೇರುಗಳ ಒಟ್ಟು ಪೇಟೆ ಮೌಲ್ಯ ಸುಮಾರು 600 ಕೋಟಿ ಕೆನಡಾ ಡಾಲರ್ ಮುಟ್ಟಿತು. ಮಾದರಿಗಳಿಗೆ ಹೊರಗಿನಿಂದ ಚಿನ್ನದ ಪುಡಿ ಬೆರೆಸಲಾಗಿತ್ತು. ಕೊರೆದು ತೆಗೆದ ಕಲ್ಲಿನ ಕಂಬವನ್ನು ಸೀಳಿ ಅರ್ಧವನ್ನು ಮರುಪರೀಕ್ಷೆಗೆ ಉಳಿಸುವುದು ರೂಢಿ. ಬುಸಾಂಗ್‌ನಲ್ಲಿ ಪೂರ್ತಿ ಕಂಬವನ್ನೇ ಪುಡಿಮಾಡಲಾಗುತ್ತಿತ್ತು. 1997ರಲ್ಲಿ ಪಾಲುದಾರನಾಗಲು ಬಂದ ಫ್ರೀಪೋರ್ಟ್ ಕಂಪನಿ ತಾನೇ ಕೊರೆದು ನೋಡಿದಾಗ ಲೆಕ್ಕಕ್ಕೆ ಬರುವಷ್ಟು ಚಿನ್ನ ಸಿಗಲಿಲ್ಲ. ಸ್ವತಂತ್ರ ತನಿಖೆ ನಡೆಸಿದ ಸ್ಟ್ರಾತ್‌ಕೋನಾ ಸಂಸ್ಥೆ ಮೋಸವನ್ನು ದೃಢಪಡಿಸಿತು, ಷೇರುಗಳು ಬೆಲೆಯಿಲ್ಲದ ಕಾಗದವಾದವು. 2001ರಲ್ಲಿ ಕೆನಡಾ ಜಾರಿಗೆ ತಂದ ನಿಯಮವು ಅರ್ಹ ತಜ್ಞರ ಸಹಿಯುಳ್ಳ ತಾಂತ್ರಿಕ ವರದಿಯನ್ನು ಕಡ್ಡಾಯಗೊಳಿಸಿತು.

ಮೋಸವಿಲ್ಲದ ಕಡೆಯೂ ಅಂದಾಜು ತಪ್ಪಬಹುದು. ಅದಿರಿನ ಸರಾಸರಿ ಅಂಶ ನಿರೀಕ್ಷೆಗಿಂತ ಸ್ವಲ್ಪ ಕಡಿಮೆಯಾದರೂ ಗಣಿಯ ಲಾಭ ಪೂರ್ತಿ ಮಾಯವಾಗುವುದುಂಟು. ಲೋಹ ಇದ್ದೂ ಅದನ್ನು ಬಂಡೆಯಿಂದ ಬೇರ್ಪಡಿಸುವ ಪ್ರಕ್ರಿಯೆ ದುಬಾರಿಯಾಗಬಹುದು. ಆರ್ಸೆನಿಕ್‌ನಂಥ ಕಲ್ಮಶ ಸೇರಿದ್ದರೆ ಕೊಳ್ಳುವವರು ಬೆಲೆ ಕಡಿತ ಮಾಡುತ್ತಾರೆ.

ನಿರ್ಮಾಣ ಮತ್ತು ಸಾಗಣೆ

ದೊಡ್ಡ ಗಣಿಗಳ ನಿರ್ಮಾಣ ವೆಚ್ಚ ಮೊದಲ ಅಂದಾಜನ್ನು ಮೀರುವುದು ಅಪರೂಪವಲ್ಲ. ಚಿಲಿ ಮತ್ತು ಅರ್ಜೆಂಟೀನಾ ಗಡಿಯ ಆಂಡೀಸ್ ಪರ್ವತದಲ್ಲಿ ಬ್ಯಾರಿಕ್ ಕಂಪನಿ 2009ರಲ್ಲಿ ಪಾಸ್ಕುವಾ-ಲಾಮಾ ಚಿನ್ನದ ಗಣಿಯ ಕೆಲಸ ಕೈಗೊಂಡಾಗ ವೆಚ್ಚ 300 ಕೋಟಿ ಡಾಲರಿನ ಆಸುಪಾಸಿನಲ್ಲಿತ್ತು. 2013ರ ಹೊತ್ತಿಗೆ ಅದು 850 ಕೋಟಿಗೆ ಏರಿತು. ಹಿಮನದಿ ಮತ್ತು ನೀರಿನ ವಿಚಾರದಲ್ಲಿ ಸ್ಥಳೀಯರು ನ್ಯಾಯಾಲಯಕ್ಕೆ ಹೋದರು, ಕೆಲಸ ನಿಂತಿತು. 2020ರಲ್ಲಿ ಚಿಲಿಯ ಪರಿಸರ ನ್ಯಾಯಾಲಯ ತನ್ನ ದೇಶದ ಭಾಗದಲ್ಲಿ ಯೋಜನೆಯನ್ನು ಶಾಶ್ವತವಾಗಿ ಮುಚ್ಚಲು ಆದೇಶಿಸಿತು.

ಕಲ್ಲಿದ್ದಲು, ಕಬ್ಬಿಣದಂಥ ತೂಕ ಹೆಚ್ಚು, ಬೆಲೆ ಕಡಿಮೆ ಇರುವ ಖನಿಜಗಳಲ್ಲಿ ಸಾಗಣೆಯೇ ಉದ್ಯಮದ ಅಳಿವು ಉಳಿವನ್ನು ತೀರ್ಮಾನಿಸುತ್ತದೆ. ರಿಯೋ ಟಿಂಟೊ 2011ರಲ್ಲಿ ಮೊಜಾಂಬಿಕ್‌ನ ಟೇಟೆ ಪ್ರಾಂತದ ಕಲ್ಲಿದ್ದಲಿಗಾಗಿ ರಿವರ್ಸ್‌ಡೇಲ್ ಕಂಪನಿಯನ್ನು ಸುಮಾರು 370 ಕೋಟಿ ಡಾಲರಿಗೆ ಕೊಂಡಿತು. ಜಾಂಬೆಜಿ ನದಿಯಲ್ಲಿ ದೋಣಿಗಳ ಮೂಲಕ ಕಲ್ಲಿದ್ದಲನ್ನು ಸಮುದ್ರಕ್ಕೆ ಒಯ್ಯುವ ಯೋಜನೆಗೆ ಅಲ್ಲಿನ ಸರ್ಕಾರ ಒಪ್ಪಲಿಲ್ಲ. ಬೈರಾ ಬಂದರಿಗೆ ಹೋಗುವ ರೈಲು ಮಾರ್ಗದ ಸಾಮರ್ಥ್ಯ ಸಾಲಲಿಲ್ಲ. ಉಕ್ಕು ತಯಾರಿಕೆಗೆ ಬೇಕಾದ ಒಳ್ಳೆಯ ಕಲ್ಲಿದ್ದಲಿನ ಪ್ರಮಾಣವೂ ಎಣಿಸಿದ್ದಕ್ಕಿಂತ ಕಡಿಮೆ ಎಂದು ಗೊತ್ತಾಯಿತು. 2013ರಲ್ಲಿ ಕಂಪನಿ ಈ ಆಸ್ತಿಯ ಮೌಲ್ಯವನ್ನು ಸುಮಾರು 300 ಕೋಟಿ ಡಾಲರಿನಷ್ಟು ಕಡಿತಗೊಳಿಸಿತು, ಮುಖ್ಯಸ್ಥ ಟಾಮ್ ಆಲ್ಬನೀಸ್ ಹುದ್ದೆ ಬಿಟ್ಟರು. 2014ರಲ್ಲಿ ಭಾರತದ ಸಾರ್ವಜನಿಕ ವಲಯದ ಕಂಪನಿಗಳ ಕೂಟವಾದ ಇಂಟರ್‌ನ್ಯಾಷನಲ್ ಕೋಲ್ ವೆಂಚರ್ಸ್ ಅದನ್ನು ಕೇವಲ 5 ಕೋಟಿ ಡಾಲರಿಗೆ ಪಡೆಯಿತು. ಬೆಲೆ ಕುಸಿದಾಗ ಆ ಕೂಟಕ್ಕೂ ಕೆಲಕಾಲ ಗಣಿ ನಿಲ್ಲಿಸಬೇಕಾಯಿತು. ಅಗ್ಗಕ್ಕೆ ಕೊಂಡರೆ ಸಾಗಣೆ ಮತ್ತು ಬೆಲೆಯ ಸಮಸ್ಯೆಗಳು ತಾವಾಗಿ ಕರಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಬೆಲೆ, ಕೊಳ್ಳುವವರು, ವಿನಿಮಯ ದರ

ಗಣಿ ಕಂಪನಿ ತನ್ನ ಸರಕಿನ ಬೆಲೆಯನ್ನು ತಾನು ನಿರ್ಧರಿಸಲಾರದು. ಒಂದು ಟನ್ ಅದಿರಿಗೆ 100 ಡಾಲರ್ ಬೆಲೆ, 80 ಡಾಲರ್ ವೆಚ್ಚ ಇದ್ದರೆ ಲಾಭ 20. ಬೆಲೆ ಶೇ. 10ರಷ್ಟು ಇಳಿದು 90 ಆದರೆ ಲಾಭ ಅರ್ಧಕ್ಕೆ ಇಳಿಯುತ್ತದೆ. ಶೇ. 20ರಷ್ಟು ಇಳಿದರೆ ಏನೂ ಉಳಿಯುವುದಿಲ್ಲ. ಇಂಥ ಇಳಿತಗಳು ನಿಜಕ್ಕೂ ಸಂಭವಿಸುತ್ತವೆ: 2011ರಲ್ಲಿ ಟನ್ನಿಗೆ 190 ಡಾಲರ್ ಸಮೀಪಿಸಿದ್ದ ಕಬ್ಬಿಣದ ಅದಿರು 2015ರ ಕೊನೆಗೆ 40 ಡಾಲರಿಗಿಂತ ಕೆಳಗೆ ಬಿತ್ತು. 2022ರ ಕೊನೆಯಲ್ಲಿ ಶಿಖರಕ್ಕೇರಿದ ಲಿಥಿಯಂ ಬೆಲೆ 2024ರ ಆರಂಭದ ವೇಳೆಗೆ ಶೇ. 80ಕ್ಕೂ ಹೆಚ್ಚು ಕುಸಿಯಿತು. ಆದ್ದರಿಂದ ಇತರ ಗಣಿಗಳಿಗೆ ಹೋಲಿಸಿದರೆ ಈ ಗಣಿಯ ಉತ್ಪಾದನಾ ವೆಚ್ಚ ಎಷ್ಟು ಎಂಬುದು ನಿರ್ಣಾಯಕ. ಬೆಲೆ ಬಿದ್ದಾಗ ಮೊದಲು ಮುಚ್ಚುವುದು ವೆಚ್ಚ ಹೆಚ್ಚಿರುವ ಗಣಿ.

ಕೊಳ್ಳುವವನೊಬ್ಬನನ್ನೇ ನೆಚ್ಚಿಕೊಂಡ ಯೋಜನೆಯ ಪಾಡು ಏನೆಂಬುದಕ್ಕೆ ಕರ್ನಾಟಕದ ಕುದುರೆಮುಖ ಉದಾಹರಣೆ. ಇರಾನಿನ ಉಕ್ಕು ಕಾರ್ಖಾನೆಗಳಿಗೆ ಅದಿರು ಪೂರೈಸಲು 1975ರಲ್ಲಿ ಒಪ್ಪಂದವಾಗಿ, ಇರಾನ್ 63 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತ್ತು. ಕ್ರಾಂತಿಯಾಗಿ ಅಲ್ಲಿನ ಆಡಳಿತ ಬದಲಾಗುತ್ತಿದ್ದಂತೆ ಸಾಲದ ಕಂತುಗಳು ಅರ್ಧದಾರಿಯಲ್ಲೇ ನಿಂತವು, ಅದಿರಿನ ಖರೀದಿಯೂ ನಡೆಯಲಿಲ್ಲ. 1980ರಲ್ಲಿ ಸಿದ್ಧವಾದ ಗಣಿಗೆ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಅದಿರಿನ ಪುಡಿಯನ್ನು ಉಂಡೆಯಾಗಿಸುವ ಕಾರ್ಖಾನೆಯನ್ನು ಮಂಗಳೂರಿನಲ್ಲಿ ಕಟ್ಟಬೇಕಾಯಿತು.

ವಿನಿಮಯ ದರದ ಅಪಾಯ ಇದರ ಮೇಲಿನ ಹೊರೆ. ಆದಾಯ ಡಾಲರಿನಲ್ಲಿ, ಕೂಲಿ ಮತ್ತು ಇಂಧನದ ಖರ್ಚು ಸ್ಥಳೀಯ ಹಣದಲ್ಲಿ, ಭಾರತೀಯ ಹೂಡಿಕೆದಾರನ ಲೆಕ್ಕ ರೂಪಾಯಿಯಲ್ಲಿ ಇರುತ್ತದೆ. ಡಾಲರ್ ಕೊರತೆಯಾದಾಗ ಕೆಲವು ದೇಶಗಳು ಲಾಭಾಂಶವನ್ನು ಹೊರಗೆ ಕಳಿಸದಂತೆ ತಡೆಯುತ್ತವೆ.

ಸರ್ಕಾರ ಮತ್ತು ಕಾನೂನು

ಹಣ ತೊಡಗಿಸುವ ಮುನ್ನ ಹೂಡಿಕೆದಾರನ ಕೈ ಮೇಲಿರುತ್ತದೆ. ಗಣಿ ಕಟ್ಟಿದ ಮೇಲೆ ಅದನ್ನು ಬಿಟ್ಟುಹೋಗುವುದು ಅಸಾಧ್ಯವಾಗುವುದರಿಂದ ಚೌಕಾಸಿಯ ಬಲ ಸರ್ಕಾರದ ಕಡೆಗೆ ಸರಿಯುತ್ತದೆ. ಅರ್ಥಶಾಸ್ತ್ರಜ್ಞ ರೇಮಂಡ್ ವರ್ನನ್ 1971ರಲ್ಲಿ ವಿವರಿಸಿದ ಈ ಪ್ರವೃತ್ತಿ ಇಂದಿಗೂ ಕಾಣುತ್ತದೆ. ಸರ್ಕಾರಗಳು ನೇರ ರಾಷ್ಟ್ರೀಕರಣಕ್ಕಿಂತ ತೆರಿಗೆ, ರಾಜಧನ, ರಫ್ತು ನಿಷೇಧ, ಪರವಾನಗಿ ತಡೆಗಳನ್ನು ಹೆಚ್ಚಾಗಿ ಬಳಸುತ್ತವೆ. ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ 2018ರಲ್ಲಿ ಹೊಸ ಗಣಿ ಕಾನೂನು ತಂದು ಕೋಬಾಲ್ಟಿನ ರಾಜಧನವನ್ನು ಶೇ. 10ಕ್ಕೆ ಏರಿಸಿತು. ಇಂಡೋನೇಷ್ಯಾ 2020ರ ಜನವರಿಯಿಂದ ಕಚ್ಚಾ ನಿಕಲ್ ಅದಿರಿನ ರಫ್ತನ್ನು ನಿಲ್ಲಿಸಿತು.

ಇದನ್ನು ಕೇವಲ ಸರ್ಕಾರಗಳ ದುರಾಸೆ ಎನ್ನುವುದು ಸರಿಯಲ್ಲ. ಖನಿಜ ಒಮ್ಮೆ ತೆಗೆದರೆ ಮತ್ತೆ ಹುಟ್ಟುವುದಿಲ್ಲ. ತಮ್ಮ ನೆಲದ ಸಂಪತ್ತಿನಲ್ಲಿ ನ್ಯಾಯವಾದ ಪಾಲು ಕೇಳುವ ಹಕ್ಕು ಆ ಜನರಿಗಿದೆ. ಬೆಲೆ ಕಡಿಮೆ ಇದ್ದಾಗ ಅತಿ ಸಡಿಲ ಷರತ್ತಿನಲ್ಲಿ ಮಾಡಿಕೊಂಡ ಒಪ್ಪಂದ ಬೆಲೆ ಏರಿದಾಗ ಅನ್ಯಾಯವಾಗಿ ಕಾಣುತ್ತದೆ, ಅದೇ ಅದರ ಮುರಿತಕ್ಕೆ ಬೀಜವಾಗುತ್ತದೆ. ಎರಡೂ ಕಡೆಗೆ ಸಮಂಜಸವಾದ ಒಪ್ಪಂದ ಹೂಡಿಕೆದಾರನಿಗೂ ಹೆಚ್ಚು ಸುರಕ್ಷಿತ.

ಪನಾಮಾದ ಕೋಬ್ರೆ ಪನಾಮಾ ಗಣಿ ಈ ಅಪಾಯದ ಇತ್ತೀಚಿನ ದೊಡ್ಡ ನಿದರ್ಶನ. ಕೆನಡಾದ ಫಸ್ಟ್ ಕ್ವಾಂಟಮ್ ಕಂಪನಿ ಸುಮಾರು 1,000 ಕೋಟಿ ಡಾಲರ್ ತೊಡಗಿಸಿ ಕಟ್ಟಿದ ಈ ಗಣಿ ಜಗತ್ತಿನ ತಾಮ್ರದಲ್ಲಿ ಶೇ. 1ರಷ್ಟನ್ನು ಕೊಡುತ್ತಿತ್ತು, ದೇಶದ ಒಟ್ಟು ಉತ್ಪನ್ನದ ಶೇ. 5ರಷ್ಟು ಅದರಿಂದ ಬರುತ್ತಿತ್ತು. 2023ರ ಅಕ್ಟೋಬರಿನಲ್ಲಿ ಹೊಸ ಒಪ್ಪಂದಕ್ಕೆ ಸಂಸತ್ತು ಒಪ್ಪಿಗೆ ಕೊಟ್ಟಾಗ ಜನ ಬೀದಿಗಿಳಿದರು. ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಅದನ್ನು ಅಸಂವಿಧಾನಿಕವೆಂದು ಸಾರಿತು, ಗಣಿ ನಿಂತಿತು.

ಪರಿಸರ ಮತ್ತು ಸ್ಥಳೀಯ ಜನ

ರಾಜಧಾನಿಯ ಅನುಮತಿ ಒಂದಾದರೆ ಗಣಿಯ ಸುತ್ತಲಿನ ಊರುಗಳ ಒಪ್ಪಿಗೆ ಇನ್ನೊಂದು. ಪಪುವಾ ನ್ಯೂಗಿನಿಯ ಬೋಗನ್‌ವಿಲ್ ದ್ವೀಪದಲ್ಲಿ 1972ರಲ್ಲಿ ಆರಂಭವಾದ ಪಾಂಗುನಾ ತಾಮ್ರ ಗಣಿ ತ್ಯಾಜ್ಯವನ್ನು ನದಿಗೆ ಬಿಡುತ್ತಿತ್ತು, ಲಾಭದಲ್ಲಿ ಭೂಮಿಯ ಒಡೆಯರ ಪಾಲು ಅತ್ಯಲ್ಪವಾಗಿತ್ತು. ಅಸಮಾಧಾನ ದಂಗೆಯಾಗಿ 1989ರಲ್ಲಿ ಗಣಿ ಮುಚ್ಚಿತು, ಮುಂದಿನ ಅಂತರ್ಯುದ್ಧದಲ್ಲಿ ಸಾವಿರಾರು ಜನ ಸತ್ತರು. ಗಣಿ ಮತ್ತೆ ತೆರೆಯಲಿಲ್ಲ.

ತಾನೇ ಗಣಿ ನಡೆಸದ ಪಾಲುದಾರನೂ ಹೊಣೆಯಿಂದ ಪಾರಾಗುವುದಿಲ್ಲ. 2015ರ ನವೆಂಬರಿನಲ್ಲಿ ಬ್ರೆಜಿಲ್‌ನ ಮರಿಯಾನಾ ಬಳಿ ಸಮಾರ್ಕೊ ಗಣಿಯ ತ್ಯಾಜ್ಯದ ಅಣೆಕಟ್ಟು ಒಡೆದು 19 ಜನ ಮೃತಪಟ್ಟರು, ಡೋಸೆ ನದಿ ಹಾಳಾಯಿತು. ಸಮಾರ್ಕೊದಲ್ಲಿ ಅರ್ಧರ್ಧ ಪಾಲು ಹೊಂದಿದ್ದ ವಾಲೆ ಮತ್ತು ಬಿಎಚ್‌ಪಿ ಕಂಪನಿಗಳು 2024ರಲ್ಲಿ ಬ್ರೆಜಿಲ್ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದ ಮೊತ್ತ ಹಿಂದಿನ ಖರ್ಚೂ ಸೇರಿ 17,000 ಕೋಟಿ ರಿಯಲ್. 2019ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಜಾಂಬಿಯಾದ ಗ್ರಾಮಸ್ಥರು ಅಲ್ಲಿನ ಕೊಂಕೋಲಾ ತಾಮ್ರ ಗಣಿಯ ಮಾಲಿನ್ಯಕ್ಕಾಗಿ ಮಾತೃಸಂಸ್ಥೆ ವೇದಾಂತದ ಮೇಲೆ ಇಂಗ್ಲೆಂಡಿನಲ್ಲಿ ದಾವೆ ಹೂಡಬಹುದೆಂದು ತೀರ್ಪಿತ್ತಿತು. ಗಣಿ ಮುಚ್ಚಿದ ನಂತರದ ಪುನಶ್ಚೇತನದ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಅಳೆಯುವ ವಿಧಾನ

ಗಣಿಯ ಮೌಲ್ಯವನ್ನು ಸಾಮಾನ್ಯವಾಗಿ ಮುಂದಿನ ವರ್ಷಗಳ ನಗದು ಹರಿವನ್ನು ಇಂದಿನ ಬೆಲೆಗೆ ಇಳಿಸಿ ಲೆಕ್ಕ ಹಾಕುತ್ತಾರೆ. ಅಪಾಯ ಹೆಚ್ಚಿದಷ್ಟೂ ಇಳಿಸುವ ದರ ಹೆಚ್ಚು. ಹತ್ತು ವರ್ಷದ ನಂತರ ಬರುವ 100 ಡಾಲರಿನ ಇಂದಿನ ಬೆಲೆ ಶೇ. 8ರ ದರದಲ್ಲಿ ಸುಮಾರು 46 ಡಾಲರ್, ಶೇ. 15ರ ದರದಲ್ಲಿ ಸುಮಾರು 25 ಡಾಲರ್. ಆದರೆ ಎಲ್ಲ ಅಪಾಯವನ್ನೂ ಒಂದು ದರದೊಳಗೆ ತುರುಕಿದರೆ ಯಾವುದು ಎಲ್ಲಿಂದ ಬರುತ್ತದೆ ಎಂಬುದು ಮರೆಯಾಗುತ್ತದೆ. ಹಾಗಾಗಿ ಬೆಲೆ ಕಾಲುಭಾಗ ಇಳಿದರೆ, ನಿರ್ಮಾಣ ಎರಡು ವರ್ಷ ತಡವಾದರೆ, ವೆಚ್ಚ ಶೇ. 30 ಏರಿದರೆ, ರಾಜಧನ ಇಮ್ಮಡಿಯಾದರೆ ಏನಾಗುತ್ತದೆ ಎಂದು ಒಂದೊಂದನ್ನೂ ಬೇರೆಯಾಗಿ, ಬಳಿಕ ಒಟ್ಟಿಗೆ ಪರೀಕ್ಷಿಸಬೇಕು. ಬೆಲೆ ಕುಸಿತವೂ ನಿರ್ಮಾಣದ ವಿಳಂಬವೂ ಕೂಡಿಬಂದಾಗ ಗಣಿ ಸಾಲದ ಕಂತು ಕಟ್ಟಬಲ್ಲುದೇ ಎಂಬುದು ಅತ್ಯಂತ ಉಪಯುಕ್ತ ಪರೀಕ್ಷೆ.

ಕಾಗದಪತ್ರಗಳ ಪರಿಶೀಲನೆಯೂ ಅಷ್ಟೇ ಮುಖ್ಯ. ಗಣಿ ಗುತ್ತಿಗೆ ಯಾರ ಹೆಸರಿನಲ್ಲಿದೆ, ಅವಧಿ ಎಂದು ಮುಗಿಯುತ್ತದೆ, ತಾಂತ್ರಿಕ ವರದಿಗೆ ಸಹಿ ಹಾಕಿದ ತಜ್ಞ ಕಂಪನಿಯಿಂದ ಸ್ವತಂತ್ರನೇ, ನೀರು ಮತ್ತು ವಿದ್ಯುತ್ ಎಲ್ಲಿಂದ ಬರುತ್ತದೆ, ಸ್ಥಳೀಯ ಪಾಲುದಾರ ಯಾರು ಎಂಬವನ್ನು ಖುದ್ದು ತಿಳಿಯಬೇಕು. ಪಾಲುದಾರ ಕೊಟ್ಟ ಲಂಚ ಮುಂದೊಂದು ದಿನ ಗುತ್ತಿಗೆಯನ್ನೇ ರದ್ದುಗೊಳಿಸಬಹುದು. ಸಣ್ಣ ಪರಿಶೋಧನಾ ಕಂಪನಿಗಳಿಗೆ ಆದಾಯವಿಲ್ಲದ ಕಾರಣ ಅವು ಪದೇಪದೇ ಹೊಸ ಷೇರು ಹೊರಡಿಸುತ್ತವೆ, ಹಳೆಯ ಷೇರುದಾರನ ಪಾಲು ತೆಳುವಾಗುತ್ತ ಹೋಗುತ್ತದೆ. ಕೈಯಲ್ಲಿರುವ ನಗದು ಎಷ್ಟು ತಿಂಗಳಿಗೆ ಸಾಕು ಎಂಬುದು ಇಲ್ಲಿ ಮೊದಲು ನೋಡಬೇಕಾದ ಅಂಕಿ.

ರಕ್ಷಣೆಯ ಉಪಾಯಗಳು

ಹಣವನ್ನು ಒಮ್ಮೆಗೇ ಸುರಿಯದೆ ಪ್ರತಿ ಹಂತದ ಫಲಿತಾಂಶ ನೋಡಿ ಬಿಡುಗಡೆ ಮಾಡುವುದು ಸರಳ ರಕ್ಷಣೆ. ದೊಡ್ಡ ಯೋಜನೆಗಳಲ್ಲಿ ಹಲವು ದೇಶಗಳ ಪಾಲುದಾರರನ್ನು, ವಿಶ್ವ ಬ್ಯಾಂಕ್ ಸಮೂಹದಂಥ ಸಾಲದಾತರನ್ನು ಸೇರಿಸಿಕೊಳ್ಳುವುದುಂಟು. 1988ರಲ್ಲಿ ಸ್ಥಾಪನೆಯಾದ ಬಹುಪಕ್ಷೀಯ ಹೂಡಿಕೆ ಖಾತರಿ ಸಂಸ್ಥೆ ವಶಪಡಿಕೆ, ಯುದ್ಧ, ಹಣ ವರ್ಗಾವಣೆಯ ತಡೆ ಮುಂತಾದವುಗಳ ವಿರುದ್ಧ ವಿಮೆ ಒದಗಿಸುತ್ತದೆ.

ಎರಡು ದೇಶಗಳ ನಡುವೆ ಹೂಡಿಕೆ ಒಪ್ಪಂದವಿದ್ದರೆ ಅಂತರರಾಷ್ಟ್ರೀಯ ಪಂಚಾಯ್ತಿಗೆ ಹೋಗಬಹುದು. ಪಾಕಿಸ್ತಾನದ ಬಲೂಚಿಸ್ತಾನದ ರೆಕೊ ಡಿಕ್ ನಿಕ್ಷೇಪಕ್ಕೆ 2011ರಲ್ಲಿ ಗಣಿ ಗುತ್ತಿಗೆ ನಿರಾಕರಿಸಿದ್ದಕ್ಕೆ ಟೆಥಿಯನ್ ಕಂಪನಿಗೆ 2019ರಲ್ಲಿ ಬಡ್ಡಿ ಸೇರಿ 580 ಕೋಟಿ ಡಾಲರಿಗೂ ಹೆಚ್ಚು ಪರಿಹಾರದ ತೀರ್ಪು ಸಿಕ್ಕಿತು. ಕೊನೆಗೆ 2022ರಲ್ಲಿ ರಾಜಿಯಾಗಿ ಯೋಜನೆಗೆ ಮರುಜೀವ ಬಂತು. ವೆನೆಜುವೆಲಾ ವಿರುದ್ಧ 2016ರಲ್ಲಿ ಸುಮಾರು 120 ಕೋಟಿ ಡಾಲರ್ ಗೆದ್ದ ಕ್ರಿಸ್ಟಲೆಕ್ಸ್ ಕಂಪನಿ ಆ ಹಣಕ್ಕಾಗಿ ಅಮೆರಿಕದ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಹೋರಾಡಬೇಕಾಯಿತು. ತೀರ್ಪು ಪಡೆಯುವುದಕ್ಕೂ ಹಣ ಪಡೆಯುವುದಕ್ಕೂ ನಡುವೆ ದೂರವಿದೆ.

ಭಾರತದ ಹೂಡಿಕೆದಾರರು

ಭಾರತೀಯ ಕಂಪನಿಗಳ ಅನುಭವ ಮಿಶ್ರವಾಗಿದೆ. ಅದಾನಿ ಸಮೂಹ 2010ರಲ್ಲಿ ಪಡೆದ ಆಸ್ಟ್ರೇಲಿಯಾದ ಕಾರ್ಮೈಕಲ್ ಕಲ್ಲಿದ್ದಲು ಗಣಿ ವರ್ಷಕ್ಕೆ 6 ಕೋಟಿ ಟನ್ನಿನ ಗುರಿಯನ್ನು 1 ಕೋಟಿ ಟನ್ನಿಗೆ ಇಳಿಸಿಕೊಂಡು, ವ್ಯಾಜ್ಯ ಮತ್ತು ಬ್ಯಾಂಕುಗಳ ನಿರಾಕರಣೆಯನ್ನು ದಾಟಿ 2021ರ ಕೊನೆಗೆ ರಫ್ತು ಆರಂಭಿಸಿತು. ಆ ಗಣಿಯಿರುವ ಗೆಲಿಲಿ ಪ್ರದೇಶದಲ್ಲೇ ಜಿವಿಕೆ ಸಮೂಹ 2011ರಲ್ಲಿ ಕೊಂಡ ನಿಕ್ಷೇಪಗಳು ಗಣಿಯಾಗಲಿಲ್ಲ. ಬೊಲಿವಿಯಾದ ಮುಟೂನ್ ಕಬ್ಬಿಣ ಯೋಜನೆಗೆ 2007ರಲ್ಲಿ ಸಹಿ ಹಾಕಿದ ಜಿಂದಾಲ್ ಸ್ಟೀಲ್ 2012ರಲ್ಲಿ ಹೊರಬಂತು. ಕೊಂಕೋಲಾ ಗಣಿಯ ನಿಯಂತ್ರಣವನ್ನು 2019ರಲ್ಲಿ ಕಳೆದುಕೊಂಡ ವೇದಾಂತ 2024ರಲ್ಲಿ ಮರಳಿ ಪಡೆಯಿತು.

ಸರ್ಕಾರದ ಕಡೆಯಿಂದ ನಾಲ್ಕೊ, ಹಿಂದೂಸ್ತಾನ್ ಕಾಪರ್, ಖನಿಜ ಪರಿಶೋಧನಾ ನಿಗಮಗಳು ಸೇರಿ 2019ರಲ್ಲಿ ಕಾಬಿಲ್ ಎಂಬ ಜಂಟಿ ಕಂಪನಿ ಸ್ಥಾಪಿಸಿದವು. ಅದು 2024ರ ಜನವರಿಯಲ್ಲಿ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತದಲ್ಲಿ 15,703 ಹೆಕ್ಟೇರಿನ ಐದು ಲಿಥಿಯಂ ಬ್ಲಾಕುಗಳಿಗೆ ಪರಿಶೋಧನೆಯ ಒಪ್ಪಂದ ಮಾಡಿಕೊಂಡಿತು.

ಭಾರತೀಯ ಸಂಸ್ಥೆಗಳ ಇಂಥ ಹೂಡಿಕೆಗೆ 2022ರ ಆಗಸ್ಟ್‌ನಲ್ಲಿ ಜಾರಿಯಾದ ಸಾಗರೋತ್ತರ ಹೂಡಿಕೆ ನಿಯಮಗಳು ಅನ್ವಯಿಸುತ್ತವೆ. ಸ್ವಯಂಚಾಲಿತ ಮಾರ್ಗದಲ್ಲಿ ಕಂಪನಿಯ ಒಟ್ಟು ಆರ್ಥಿಕ ಬದ್ಧತೆ ಅದರ ನಿವ್ವಳ ಮೌಲ್ಯದ ಶೇ. 400ನ್ನು ಮೀರುವಂತಿಲ್ಲ. ದೇಶದಲ್ಲಿ ನೆಲೆಸಿರುವ ವ್ಯಕ್ತಿ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ವರ್ಷಕ್ಕೆ ಎಲ್ಲ ಉದ್ದೇಶಗಳಿಗೂ ಸೇರಿ 2.5 ಲಕ್ಷ ಡಾಲರಿನವರೆಗೆ ಕಳಿಸಬಹುದು. ಹೂಡಿಕೆ ವಿವಾದಗಳ ಇತ್ಯರ್ಥಕ್ಕೆ 1966ರಲ್ಲಿ ಸ್ಥಾಪನೆಯಾದ ವಾಷಿಂಗ್ಟನ್ನಿನ ಅಂತರರಾಷ್ಟ್ರೀಯ ಕೇಂದ್ರಕ್ಕೆ ಭಾರತ ಸದಸ್ಯನಲ್ಲ. 2016ರ ನಂತರ ಭಾರತ ತನ್ನ ಹಳೆಯ ಹೂಡಿಕೆ ಒಪ್ಪಂದಗಳಲ್ಲಿ ಬಹುಪಾಲನ್ನು ಕೊನೆಗೊಳಿಸಿದೆ. ಆದಕಾರಣ ಭಾರತೀಯ ಹೂಡಿಕೆದಾರ ಹಣ ಕಳಿಸುವ ಮುನ್ನ ಆತಿಥೇಯ ದೇಶದೊಂದಿಗೆ ಜಾರಿಯಲ್ಲಿರುವ ಒಪ್ಪಂದ ಯಾವುದು, ವಿವಾದ ಬಂದರೆ ವಿಚಾರಣೆ ಎಲ್ಲಿ ನಡೆಯುತ್ತದೆ, ಲಾಭಾಂಶಕ್ಕೆ ಎರಡೂ ದೇಶಗಳಲ್ಲಿ ಎಷ್ಟು ತೆರಿಗೆ ಬೀಳುತ್ತದೆ ಎಂಬುದನ್ನು ಗುತ್ತಿಗೆಯ ಕರಾರಿನಲ್ಲೇ ಸ್ಪಷ್ಟಪಡಿಸಿಕೊಳ್ಳಬೇಕಾಗುತ್ತದೆ.